‘ಕಾಪುಟ್’ ಎಂಬ ಪದದ ಚರಿತ್ರೆ: ತಲೆಯಿಲ್ಲದವರ ನಡುವೆ ಸಭೆಯ ಶಿರಸ್ಸು

ಲತೀನ್ ಭಾಷೆಯಲ್ಲಿ ‘ಕಾಪುಟ್’ ಎಂದರೆ ತಲೆ. ವೈದ್ಯವಿದ್ಯಾರ್ಥಿಯು ತೊಡೆಯೆಲುಬಿನ ಮೇಲ್ತುದಿಯನ್ನು ಇಂದಿಗೂ ಈ ಪದದಿಂದಲೇ ಗುರುತಿಸುತ್ತಾನೆ. ರೋಮನ್ ನ್ಯಾಯಶಾಸ್ತ್ರವನ್ನು ಓದುವವನಿಗೆ ಇದು ಒಬ್ಬ ಮನುಷ್ಯನಿಗೆ ಕಾನೂನಿನಲ್ಲಿರುವ ಸ್ಥಾನಮಾನದ ಹೆಸರು. ಪಶ್ಚಿಮದ ಸಭೆಯಾದರೋ ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಇದೇ ಪದದಿಂದ ಕ್ರಿಸ್ತನನ್ನು ತನ್ನ ಶಿರಸ್ಸೆಂದು ಅರಿಕೆಮಾಡಿತು. ಒಂದೇ ಪದವು ವೈದ್ಯರ ಮೇಜಿನ ಮೇಲೂ ನ್ಯಾಯಾಧಿಪತಿಯ ಪೀಠದ ಮುಂದೆಯೂ ಯಜ್ಞವೇದಿಯ ಬಳಿಯೂ ಬಳಕೆಯಲ್ಲಿದ್ದಾಗ, ಒಂದೆಡೆಯ ಅರ್ಥವು ಇನ್ನೊಂದೆಡೆಗೆ ಹರಿಯದೆ ಇರಲಾರದು.

ಕ್ರಿಸ್ತನು ಸಭೆಗೆ ಶಿರಸ್ಸು ಎಂದು ಪೌಲನ ಪತ್ರಿಕೆಗಳು ಹೇಳುವಾಗ ನಾವು ಸಾಮಾನ್ಯವಾಗಿ ಆಳುವವನನ್ನೂ ಅಪ್ಪಣೆ ಕೊಡುವವನನ್ನೂ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಪತ್ರಿಕೆಗಳನ್ನು ಮೊದಲು ಕೇಳಿದವರು ರೋಮನ್ ಸಾಮ್ರಾಜ್ಯದ ಜನರು. ಅವರಲ್ಲಿ ಅನೇಕರು ದಾಸರು. ಅವರಿಗೆ ತಲೆ ಎಂಬುದು ಅಧಿಕಾರದ ಮಾತಾಗುವುದಕ್ಕಿಂತ ಮೊದಲು ಅಸ್ತಿತ್ವದ ಮಾತಾಗಿತ್ತು: ಯಾರಿಗೆ ತಲೆಯುಂಟು, ಯಾರಿಗೆ ಇಲ್ಲ? ಈ ಪ್ರಶ್ನೆಯನ್ನು ಹಿಡಿದು ಪದದ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದೇಹದಲ್ಲಿ ತಲೆ

ವೈದ್ಯಶಾಸ್ತ್ರವನ್ನು ಲತೀನ್ ಭಾಷೆಯಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದವರಲ್ಲಿ 1ನೇ ಶತಮಾನದ ಕೆಲ್ಸಸ್ ಪ್ರಮುಖನು. ವೈದ್ಯವನ್ನು ಕುರಿತ ಅವನ ಗ್ರಂಥವು ಎಂಟು ಭಾಗಗಳುಳ್ಳದ್ದು. ಎಂಟನೆಯ ಭಾಗದಲ್ಲಿ ಎಲುಬುಗಳ ವರ್ಣನೆಯು ತಲೆಬುರುಡೆಯಿಂದ ಆರಂಭವಾಗುತ್ತದೆ. ಅದಕ್ಕೆ ಅವನು ಬಳಸುವ ಪದ ‘ಕಾಲ್ವಾರಿಯಾ’. ಬೋಳುತಲೆಯನ್ನು ಸೂಚಿಸುವ ಧಾತುವಿನಿಂದ ಹುಟ್ಟಿದ ಈ ಪದವು ಇಂದಿಗೂ ಅಂಗರಚನಾಶಾಸ್ತ್ರದಲ್ಲಿ ತಲೆಬುರುಡೆಯ ಮೇಲ್ಚಾವಣಿಯ ಹೆಸರು. ಇದೇ ಪದವು ಮುಂದೆ ಕ್ರೈಸ್ತರ ಬಾಯಲ್ಲಿ ಇನ್ನೊಂದು ಸ್ಥಳದ ಹೆಸರಾದುದನ್ನು ಆಮೇಲೆ ನೋಡುವೆವು.

ವೆಸೇಲಿಯಸನ ಪ್ರಸಿದ್ಧ ಅಂಗರಚನಾ ಗ್ರಂಥವು 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಅಂಗಗಳ ಲತೀನ್ ಹೆಸರುಗಳನ್ನು ಏಕರೂಪಕ್ಕೆ ತಂದ ಪಟ್ಟಿಯೂ 1895ರಲ್ಲಿ ಅದೇ ನಗರದಲ್ಲಿ ಅಂಗೀಕೃತವಾಯಿತು. 1834ರಿಂದ ಮಂಗಳೂರಿನಲ್ಲಿ ಸೇವೆಗೈದ ಮಿಷನ್ನಿನ ಮೂಲಕ ನಮ್ಮ ಸಭೆಗಳಿಗೆ ಪರಿಚಿತವಾದ ಬಾಸೆಲ್, ವೈದ್ಯಲೋಕಕ್ಕೆ ಈ ಕಾರಣದಿಂದ ಪರಿಚಿತವಾಗಿದೆ.

ಈ ಪಟ್ಟಿಗಳಲ್ಲಿ ‘ಕಾಪುಟ್’ ಎಂಬ ಪದವು ಕುತ್ತಿಗೆಯ ಮೇಲಿನ ತಲೆಗೆ ಮಾತ್ರ ಮೀಸಲಾಗಿಲ್ಲ. ತೊಡೆಯೆಲುಬಿನ ‘ಕಾಪುಟ್’ ಸೊಂಟದ ಗುಳಿಯಲ್ಲಿ ಕೂತಿರುವ ಗುಂಡಾದ ತುದಿ. ನಿಂತಾಗಲೂ ನಡೆಯುವಾಗಲೂ ಮೇಲಿನ ದೇಹದ ಭಾರವು ಅದರ ಮೂಲಕ ಕಾಲಿಗೆ ಇಳಿಯುತ್ತದೆ. ಸ್ನಾಯುವಿನ ‘ಕಾಪುಟ್’ ಎಂದರೆ ಸ್ನಾಯುವು ಎಲುಬಿನಿಂದ ಹೊರಡುವ ಮೂಲ. ತೋಳಿನ ಬೈಸೆಪ್ಸ್ ಎಂದರೆ ಎರಡು ತಲೆಗಳುಳ್ಳದ್ದು, ಟ್ರೈಸೆಪ್ಸ್ ಮೂರು ತಲೆಗಳುಳ್ಳದ್ದು, ತೊಡೆಯ ಕ್ವಾಡ್ರಿಸೆಪ್ಸ್ ನಾಲ್ಕು ತಲೆಗಳುಳ್ಳದ್ದು. ಹೆರಿಗೆಯ ಸಮಯದಲ್ಲಿ ಮೊದಲು ಹೊರಬರುವ ಶಿಶುವಿನ ತಲೆಯ ಮೇಲೆ ಒತ್ತಡದಿಂದ ಉಂಟಾಗುವ ಊತಕ್ಕೆ ವೈದ್ಯರು ‘ಕಾಪುಟ್ ಸುಕ್ಸೆಡಾನಿಯುಮ್’ ಎನ್ನುತ್ತಾರೆ; ಕೆಲವು ದಿನಗಳಲ್ಲಿ ಅದು ತಾನಾಗಿ ಇಳಿದುಹೋಗುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಮುಂದಾಗಿ ಹೋದ ಅಂಗವು ಹೊತ್ತ ಗುರುತು ಅದು.

ಹೀಗೆ ದೇಹಶಾಸ್ತ್ರದಲ್ಲಿ ತಲೆಯೆಂದರೆ ಭಾರ ಹೊರುವ ತುದಿ, ಹೊರಡುವ ಮೂಲ, ಮುಂದಾಗಿ ಹೋಗುವ ಭಾಗ. ಆಳುವಿಕೆಯು ಈ ಅರ್ಥಗಳಲ್ಲಿ ಯಾವುದಕ್ಕೂ ಅನಿವಾರ್ಯವಲ್ಲ. ಆಳುವ ಅಂಗ ಯಾವುದು ಎಂಬುದರ ಕುರಿತು ಪ್ರಾಚೀನರಲ್ಲಿ ಒಮ್ಮತವೂ ಇರಲಿಲ್ಲ. ಅರಿಸ್ಟಾಟಲನು ಆ ಸ್ಥಾನವನ್ನು ಹೃದಯಕ್ಕೆ ಕೊಟ್ಟನು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಹೆರೋಫಿಲಸ್ ಮತ್ತು ಎರಸಿಸ್ಟ್ರಾಟಸ್ ನರಗಳ ಮೂಲವನ್ನು ಮಿದುಳಿನವರೆಗೆ ಹಿಂಬಾಲಿಸಿದರು. ಕ್ರಿಸ್ತಶಕ 2ನೇ ಶತಮಾನದ ಗಾಲೆನ್ ಪ್ರಾಣಿಗಳ ಧ್ವನಿನರಗಳನ್ನು ಬಿಗಿದು ಅವುಗಳ ಸ್ವರವು ನಿಲ್ಲುವುದನ್ನು ತೋರಿಸಿ ಅದೇ ಪಕ್ಷವನ್ನು ಸಮರ್ಥಿಸಿದನು. ಕೊಲೊಸ್ಸೆ 2:19 ಮತ್ತು ಎಫೆಸ 4:15-16ರಲ್ಲಿ ದೇಹವೆಲ್ಲವೂ ಶಿರಸ್ಸಿನಿಂದಲೇ ಕೀಲುನರಗಳ ಮೂಲಕ ಪೋಷಣೆ ಹೊಂದಿ ಬೆಳೆಯುತ್ತದೆಂಬ ಮಾತಿದೆ. ಈ ಪದಗಳಿಗೆ ಸಮಾನವಾದ ಬಳಕೆಗಳು ಗ್ರೀಕ್ ವೈದ್ಯಗ್ರಂಥಗಳಲ್ಲಿರುವುದನ್ನು ಲೈಟ್‌ಫುಟ್ 1875ರ ತನ್ನ ಕೊಲೊಸ್ಸೆ ವ್ಯಾಖ್ಯಾನದಲ್ಲಿ ತೋರಿಸಿದ್ದಾನೆ. ಕೊಲೊಸ್ಸೆ 1:18ರಲ್ಲಿ ಶಿರಸ್ಸು ಎಂಬ ಹೆಸರಿನ ಬೆನ್ನಿಗೇ ಸತ್ತವರೊಳಗಿಂದ ಮೊದಲು ಹುಟ್ಟಿಬಂದವನು ಎಂಬ ಹೆಸರೂ ಬರುತ್ತದೆ. ಶಿರಸ್ಸು ಮೊದಲು ಹಾದುಹೋದ ದಾರಿಯಲ್ಲೇ ದೇಹವೂ ಹಿಂಬಾಲಿಸಬೇಕಾಗಿದೆ.

ನ್ಯಾಯದಲ್ಲಿ ತಲೆ

ರೋಮಿನಲ್ಲಿ ‘ಕಾಪುಟ್’ ಮೊದಲಿಗೆ ಎಣಿಕೆಯ ಪದ. ಜನಗಣತಿಯಲ್ಲಿ ಪ್ರಜೆಗಳನ್ನು ತಲೆಗಳೆಂದು ಎಣಿಸಿ ಬರೆಯುತ್ತಿದ್ದರು. ಲಿವಿಯ ಚರಿತ್ರೆಯಲ್ಲಿ ಅಂಥ ಸಂಖ್ಯೆಗಳು ಮತ್ತೆ ಮತ್ತೆ ಬರುತ್ತವೆ. ಆಸ್ತಿಯೇನನ್ನೂ ತೋರಿಸಲಾಗದ ಕಡುಬಡವರಿಗೆ ‘ಕಾಪಿಟೆ ಕೆನ್ಸಿ’ ಎಂದು ಹೆಸರು: ಕೇವಲ ತಲೆಯ ಲೆಕ್ಕಕ್ಕೆ ಬಂದವರು. ಕ್ರಿಸ್ತಪೂರ್ವ 107ರಲ್ಲಿ ಮಾರಿಯುಸನು ಇವರನ್ನು ಸೈನ್ಯಕ್ಕೆ ಸೇರಿಸಿಕೊಂಡದ್ದು ಗಣರಾಜ್ಯದ ಚರಿತ್ರೆಯಲ್ಲಿ ದೊಡ್ಡ ತಿರುವಾಯಿತು. ಇಂದು ನಾವು ತಲಾ ಆದಾಯ ಎನ್ನುವಾಗ ಈ ಹಳೆಯ ಎಣಿಕೆಯ ಮಾತನ್ನೇ ಆಡುತ್ತಿದ್ದೇವೆ.

ಎಣಿಕೆಗೆ ಬಂದ ತಲೆಗೆ ಕಾನೂನಿನಲ್ಲಿ ಬೆಲೆಯಿತ್ತು. ಪ್ರಜೆಯ ಪ್ರಾಣಕ್ಕೂ ಸ್ಥಾನಮಾನಕ್ಕೂ ಸಂಬಂಧಿಸಿದ ವಿಚಾರಣೆಯು ‘ಕಾಪುಟ್’ ಕುರಿತ ವಿಚಾರಣೆ ಎನಿಸಿಕೊಂಡಿತು. ಅಂಥ ತೀರ್ಪು ಜನರ ಮಹಾಸಭೆಯಲ್ಲಿಯೇ ಆಗಬೇಕೆಂಬುದು ಹನ್ನೆರಡು ಫಲಕಗಳ ಶಾಸನದ ವಿಧಿಯೆಂದು ಸಿಸೆರೊ ತಿಳಿಸುತ್ತಾನೆ. ಮರಣದಂಡನೆಗೆ ಯೂರೋಪಿನ ಭಾಷೆಗಳಲ್ಲಿ ಇಂದು ಬಳಕೆಯಲ್ಲಿರುವ ‘ಕ್ಯಾಪಿಟಲ್’ ಎಂಬ ವಿಶೇಷಣ ಇಲ್ಲಿಂದ ಬಂದಿತು. ಕನ್ನಡದ ‘ತಲೆದಂಡ’ವು ತನ್ನದೇ ದಾರಿಯಲ್ಲಿ ಅದೇ ಚಿತ್ರವನ್ನು ತಲುಪಿದೆ.

ಸ್ಥಾನಮಾನದ ನಷ್ಟಕ್ಕೆ ನ್ಯಾಯಶಾಸ್ತ್ರಜ್ಞರು ‘ಕಾಪಿಟಿಸ್ ಡೆಮಿನೂತಿಯೊ’, ಅಂದರೆ ತಲೆಯ ಕುಂದುವಿಕೆ, ಎಂದು ಹೆಸರಿಟ್ಟರು. 2ನೇ ಶತಮಾನದ ಗಾಯುಸನು ಇದರಲ್ಲಿ ಮೂರು ಮಟ್ಟಗಳನ್ನು ವಿವರಿಸುತ್ತಾನೆ. ಸ್ವಾತಂತ್ರ್ಯವೂ ಪೌರತ್ವವೂ ಒಟ್ಟಿಗೆ ಹೋದರೆ ಅದು ಅತಿ ದೊಡ್ಡ ಕುಂದು. ಗಡಿಪಾರಾದವನಂತೆ ಸ್ವಾತಂತ್ರ್ಯವುಳಿದು ಪೌರತ್ವ ಮಾತ್ರ ಹೋದರೆ ಅದು ಮಧ್ಯಮ. ದತ್ತಕ ಮುಂತಾದವುಗಳಿಂದ ಕುಟುಂಬದೊಳಗಿನ ಸ್ಥಾನ ಮಾತ್ರ ಬದಲಾದರೆ ಅದು ಅತಿ ಚಿಕ್ಕದು. ಸ್ವಾತಂತ್ರ್ಯ, ಪೌರತ್ವ, ಕುಟುಂಬ ಎಂಬ ಮೂರೂ ಸೇರಿದರೆ ರೋಮನ್ನನ ತಲೆ ಪೂರ್ಣವಾಗುತ್ತಿತ್ತು.

ಹಾಗಾದರೆ ದಾಸನ ಗತಿಯೇನು? 533ರಲ್ಲಿ ಹೊರಬಂದ ಜಸ್ಟಿನಿಯನ್ ಚಕ್ರವರ್ತಿಯ ನ್ಯಾಯಪಾಠವು ಈ ಪ್ರಶ್ನೆಯನ್ನು ಒಂದು ಸಣ್ಣ ತಾಂತ್ರಿಕ ವಿಷಯವಾಗಿ ಎತ್ತಿಕೊಳ್ಳುತ್ತದೆ. ದಾಸನು ಬಿಡುಗಡೆಯಾದಾಗ ಅವನ ಸ್ಥಾನ ಬದಲಾಗುತ್ತದೆ. ಇದೂ ತಲೆಯ ಕುಂದುವಿಕೆಯೇ? ಅಲ್ಲವೆಂದು ಉತ್ತರ. ಕಾರಣವೇನೆಂದರೆ, ಅವನಿಗೆ ಕುಂದುವುದಕ್ಕೆ ತಲೆಯೇ ಇರಲಿಲ್ಲ. ಈ ಮಾತಿನಲ್ಲಿ ಕೋಪವಿಲ್ಲ, ತಿರಸ್ಕಾರವೂ ಇಲ್ಲ. ಲೆಕ್ಕ ಹೇಳುವವನ ನಿರ್ವಿಕಾರ ಸ್ವರ ಮಾತ್ರ ಇದೆ. ಹೊಲದಲ್ಲಿ ದುಡಿದ, ಮಗುವಿಗೆ ಹಾಲೂಡಿದ, ಯಜಮಾನನ ಪತ್ರಗಳನ್ನು ಬರೆದುಕೊಟ್ಟ ಲಕ್ಷಾಂತರ ಜನರು ಕಾನೂನಿನ ದೃಷ್ಟಿಯಲ್ಲಿ ತಲೆಯಿಲ್ಲದವರಾಗಿದ್ದರು. ಅವರ ದಾಂಪತ್ಯವು ವಿವಾಹವೆನಿಸುತ್ತಿರಲಿಲ್ಲ; ಅದು ಬರಿಯ ಸಹವಾಸ.

ಅಪೊಸ್ತಲರ ಕೃತ್ಯಗಳಲ್ಲಿ ಈ ಲೋಕದ ನೆರಳು ಸ್ಪಷ್ಟವಾಗಿದೆ. ಯೆರೂಸಲೇಮಿನಲ್ಲಿ ಪೌಲನನ್ನು ಕೊರಡೆಯಿಂದ ಹೊಡೆಯಲು ಕಟ್ಟಿದಾಗ ಅವನು ತನ್ನ ರೋಮನ್ ಪೌರತ್ವವನ್ನು ತಿಳಿಸುತ್ತಾನೆ. ಆಗ ಸಹಸ್ರಾಧಿಪತಿಯು ತಾನಾದರೋ ದೊಡ್ಡ ಮೊತ್ತ ತೆತ್ತು ಆ ಪೌರತ್ವವನ್ನು ಪಡೆದೆನೆನ್ನುತ್ತಾನೆ (22:28). ಅಲ್ಲಿ ಮೊತ್ತಕ್ಕೆ ಬಳಸಿದ ಗ್ರೀಕ್ ಪದ ‘ಕೆಫಲೈಯೊನ್’. ಅದು ತಲೆಯೆಂಬ ಅರ್ಥದ ‘ಕೆಫಲೇ’ಯಿಂದ ಹುಟ್ಟಿದ್ದು. ತಲೆಯೆಣಿಕೆಯ ಲೋಕದಲ್ಲಿ ತಲೆಯನ್ನು ಹಣಕೊಟ್ಟು ಕೊಳ್ಳುವುದೂ ಸಾಧ್ಯವಿತ್ತು.

ಕಪಾಲಸ್ಥಳದಲ್ಲಿ ತಲೆ

ಈ ಹಿನ್ನೆಲೆಯಲ್ಲಿ ಫಿಲಿಪ್ಪಿ 2:7ನ್ನು ಓದಬೇಕು. ಫಿಲಿಪ್ಪಿಯು ರೋಮನ್ ವಸಾಹತು (ಅ.ಕೃ. 16:12), ಪೌರತ್ವದ ಬೆಲೆ ಅಲ್ಲಿನ ಬೀದಿಬೀದಿಯಲ್ಲಿ ತಿಳಿದಿತ್ತು. ಅಂಥ ಊರಿನ ಸಭೆಗೆ ಪೌಲನು ಕ್ರಿಸ್ತನು ದಾಸನ ರೂಪವನ್ನು ಧರಿಸಿಕೊಂಡನೆಂದು ಬರೆದನು. ಯೇಸು ಕಾನೂನಿನ ಪ್ರಕಾರ ದಾಸನಲ್ಲ; ಪೌರತ್ವವಿಲ್ಲದ ಪ್ರಾಂತ್ಯದ ಪ್ರಜೆ. ಆದರೂ ಅವನಿಗೆ ವಿಧಿಸಿದ ಶಿಕ್ಷೆಯು ದಾಸರ ಶಿಕ್ಷೆಯೆಂದೇ ಪ್ರಸಿದ್ಧವಾದದ್ದು. ಕ್ರಿಸ್ತಪೂರ್ವ 71ರಲ್ಲಿ ಸ್ಪಾರ್ಟಕಸನ ದಂಗೆ ಮುರಿದುಬಿದ್ದ ಮೇಲೆ ಸೆರೆಸಿಕ್ಕ 6000 ಮಂದಿಯನ್ನು ಕಾಪುವಾದಿಂದ ರೋಮಿನವರೆಗಿನ ದಾರಿಯುದ್ದಕ್ಕೂ ಶಿಲುಬೆಗೇರಿಸಿದರೆಂದು ಅಪ್ಪಿಯಾನನು ಬರೆಯುತ್ತಾನೆ. ಪ್ರಜೆಗಾದರೋ ಕತ್ತಿಯ ಮರಣ. ಪೌಲನ ಶಿರಚ್ಛೇದವಾಯಿತು, ಪೇತ್ರನು ಶಿಲುಬೆಗೇರಿದನು ಎಂದು ಯೂಸೆಬಿಯಸ್ ದಾಖಲಿಸಿದ ಪರಂಪರೆಯು ಈ ಭೇದಕ್ಕೆ ಸರಿಯಾಗಿ ಹೊಂದುತ್ತದೆ: ತಲೆಯಿದ್ದವನ ತಲೆ ತೆಗೆದರು; ತಲೆಯಿಲ್ಲದವನನ್ನು ಮರಕ್ಕೆ ತೂಗಹಾಕಿದರು.

ಯೇಸು ಸತ್ತ ಸ್ಥಳದ ಹೆಸರನ್ನು ನಾಲ್ಕು ಸುವಾರ್ತೆಗಳೂ ತಲೆಬುರುಡೆಗೆ ಜೋಡಿಸುತ್ತವೆ. ವಲ್ಗೇಟಿನಲ್ಲಿ ಅದು ‘ಕಾಲ್ವಾರಿಯಾ’ ಆಯಿತು. ಕೆಲ್ಸಸನ ವೈದ್ಯಪದವೇ ಕ್ರೈಸ್ತ ಜಗತ್ತಿನ ಕಲ್ವಾರಿಯಾಯಿತು. ಅಲ್ಲಿ ಆದಾಮನ ತಲೆಬುರುಡೆ ಹೂತಿತ್ತೆಂಬ ಪರಂಪರೆಯನ್ನು 3ನೇ ಶತಮಾನದಲ್ಲಿಯೇ ಒರಿಗೆನ್ ಬಲ್ಲನು. ಜೆರೋಮ್ ತನ್ನ ಮತ್ತಾಯ ವ್ಯಾಖ್ಯಾನದಲ್ಲಿ ಅದು ಕಿವಿಗೆ ಹಿತವಾದರೂ ಸತ್ಯವಲ್ಲವೆಂದು ತಳ್ಳಿಹಾಕಿ, ಅಪರಾಧಿಗಳ ತಲೆ ಕಡಿಯುವ ಸ್ಥಳವಾದ್ದರಿಂದ ಆ ಹೆಸರು ಬಂದಿತೆಂದು ವಿವರಿಸಿದನು. ಆದರೂ ಜನರ ಭಕ್ತಿಯು ಆದಾಮನನ್ನು ಬಿಡಲಿಲ್ಲ. ಯೆರೂಸಲೇಮಿನ ಪವಿತ್ರ ಸಮಾಧಿಯ ದೇವಾಲಯದಲ್ಲಿ ಕಲ್ವಾರಿಯ ಕೆಳಗೆ ಆದಾಮನ ಹೆಸರಿನ ಪ್ರಾರ್ಥನಾಮಂದಿರವು ಇಂದಿಗೂ ಇದೆ.

ಇವೆರಡಕ್ಕಿಂತ ಆಳವಾದ ಒಂದು ಸಂಬಂಧವು ಪದದ ಬೇರಿನಲ್ಲಿಯೇ ಅಡಗಿದೆ. ಗೊಲ್ಗೊಥಾ ಎಂಬ ಅರಾಮಿಕ್ ಹೆಸರಿಗೆ ಸಮಾನವಾದ ಹೀಬ್ರೂ ಪದ ‘ಗುಲ್ಗೋಲೆತ್’. ಅದಕ್ಕೆ ತಲೆಬುರುಡೆಯೆಂಬ ಅರ್ಥದ ಜೊತೆಗೆ ಎಣಿಕೆಯ ತಲೆಯೆಂಬ ಅರ್ಥವೂ ಇದೆ. ಅರಣ್ಯದಲ್ಲಿ ಮನ್ನವನ್ನು ತಲೆಗೆ ಒಂದು ಓಮೆರಿನಂತೆ ಕೂಡಿಸಬೇಕೆಂದ ಅಪ್ಪಣೆಯಲ್ಲಿಯೂ (ವಿಮೋಚನಕಾಂಡ 16:16), ದೇವದರ್ಶನದ ಗುಡಾರಕ್ಕೆ 603550 ಗಂಡಸರು ತಲೆಗೆ ಅರ್ಧ ಶೆಕೆಲಿನಂತೆ ಕೊಟ್ಟ ಲೆಕ್ಕದಲ್ಲಿಯೂ (38:26), ಸೀನಾಯಿಯ ಜನಗಣತಿಯಲ್ಲಿಯೂ (ಅರಣ್ಯಕಾಂಡ 1:2) ಇರುವುದು ಈ ಪದವೇ. ಇಲ್ಲಿನ ಎಣಿಕೆ ರೋಮಿನ ಎಣಿಕೆಯಂತಲ್ಲ. ಮನ್ನವು ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಅರ್ಧ ಶೆಕೆಲನ್ನು ಐಶ್ವರ್ಯವಂತನು ಹೆಚ್ಚಾಗಿ, ಬಡವನು ಕಡಿಮೆಯಾಗಿ ಕೊಡಬಾರದಿತ್ತು. ಎಣಿಕೆಗೆ ಬಂದ ಪ್ರತಿಯೊಬ್ಬನಿಗೂ ಊಟವಿತ್ತು, ಎಣಿಕೆಗೆ ಬಂದ ಪ್ರತಿಯೊಬ್ಬನಿಗೂ ಸಮಾನ ಬೆಲೆಯಿತ್ತು.

ಚಕ್ರವರ್ತಿಯ ಖಾನೇಷುಮಾರಿಯ ಸಮಯದಲ್ಲಿ ಹುಟ್ಟಿದವನನ್ನು (ಲೂಕ 2:1-7) ಕೊನೆಗೆ ಅಪರಾಧಿಗಳೊಡನೆ ಎಣಿಸಿದರು (ಲೂಕ 22:37; ಯೆಶಾಯ 53:12). ಆ ಎರಡನೆಯ ಎಣಿಕೆ ನಡೆದದ್ದು ತಲೆಯ ಹೆಸರುಳ್ಳ ಸ್ಥಳದಲ್ಲಿ. ಮನೆಕಟ್ಟುವವರು ಬೇಡವೆಂದು ಬಿಟ್ಟ ಕಲ್ಲು ಮೂಲೆಗೆ ‘ಕಾಪುಟ್’ ಆಯಿತೆಂದು ವಲ್ಗೇಟ್ ಮತ್ತಾಯ 21:42ರಲ್ಲಿ ಬಳಸುವ ಪದವೂ ಇದೇ ಸತ್ಯವನ್ನು ಸಾರುತ್ತದೆ. ಲೆಕ್ಕದಿಂದ ಬಿಟ್ಟುಹೋದವನೇ ಶಿರಸ್ಸಾದನು.

ಸಭೆಯಲ್ಲಿ ತಲೆ

ಆದಿಸಭೆಯು ಈ ಸತ್ಯವನ್ನು ಎಷ್ಟರಮಟ್ಟಿಗೆ ಬದುಕಿತು? ಚರಿತ್ರೆಯ ಉತ್ತರವು ಮಿಶ್ರವಾಗಿದೆ. 3ನೇ ಶತಮಾನದ ಆದಿಯಲ್ಲಿ ರೋಮಿನ ಬಿಷಪನಾಗಿದ್ದ ಕಲ್ಲಿಸ್ತನು ಹಿಂದೆ ದಾಸನಾಗಿದ್ದವನು. ಕಾನೂನು ವಿವಾಹವೆಂದು ಒಪ್ಪದಿದ್ದ, ಕುಲೀನ ಸ್ತ್ರೀಯರು ದಾಸರೊಡನೆ ನಡೆಸಿದ ದಾಂಪತ್ಯವನ್ನು ಅವನು ಸಭೆಯಲ್ಲಿ ಅಂಗೀಕರಿಸಿದನೆಂದು ಅವನ ವಿರೋಧಿಯಾಗಿದ್ದ ಲೇಖಕನೇ ದೂರುತ್ತಾನೆ. ಆ ದೂರು ಇಂದು ನಮಗೆ ಸಾಕ್ಷ್ಯವಾಗಿದೆ: ನ್ಯಾಯಾಲಯಕ್ಕೆ ತಲೆ ಕಾಣದಿದ್ದಲ್ಲಿ ಸಭೆಯು ಗಂಡನನ್ನು ಕಂಡಿತು. 321ರಲ್ಲಿ ಕಾನ್‌ಸ್ಟಂಟೈನನು ಸಭೆಯ ಮುಂದೆ ಬಿಡುಗಡೆಗೊಂಡ ದಾಸರಿಗೆ ರೋಮನ್ ಪೌರತ್ವ ದೊರೆಯುವಂತೆ ವಿಧಿಸಿದನು. ತಲೆಯಿಲ್ಲದವನು ತಲೆ ಪಡೆಯುವ ಸ್ಥಳವಾಗಿ ಕ್ರೈಸ್ತ ದೇವಾಲಯವು ಕಾನೂನಿನಲ್ಲಿ ದಾಖಲಾಯಿತು. ಅದೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿಯು ಪ್ರಸಂಗಿ ಗ್ರಂಥದ ಪ್ರವಚನವೊಂದರಲ್ಲಿ ದೇವರ ಸ್ವರೂಪವನ್ನು ಕೊಳ್ಳಲು ಯಾವ ಬೆಲೆ ಸಾಕಾದೀತೆಂದು ದಾಸರ ಒಡೆಯರನ್ನು ಕೇಳಿದನು.

ಆದರೆ ಅದೇ ಶತಮಾನದ ಗಂಗ್ರಾ ಸಮ್ಮೇಳನವು ಭಕ್ತಿಯ ನೆಪದಲ್ಲಿ ಯಜಮಾನನನ್ನು ಬಿಟ್ಟುಹೋಗಲು ದಾಸರಿಗೆ ಬೋಧಿಸುವವರನ್ನು ಶಪಿಸಿತು. ಸಭೆಯ ಜಮೀನುಗಳಲ್ಲಿಯೂ ದಾಸರಿದ್ದರು. ತೆರಿಗೆಯ ಲೆಕ್ಕದಲ್ಲಿ ತಲೆಯೆಣಿಕೆ ಎಷ್ಟು ಕ್ರೂರವಾಗಬಹುದೆಂಬುದನ್ನು ಕ್ರೈಸ್ತ ಲೇಖಕ ಲಾಕ್ಟಾಂಶಿಯಸನು ಗಲೇರಿಯಸನ ಕಾಲದ ಗಣತಿಯ ಕುರಿತು ಬರೆಯುವಾಗ ಚಿತ್ರಿಸಿದ್ದಾನೆ: ದ್ರಾಕ್ಷಿಬಳ್ಳಿಗಳನ್ನೂ ದನಗಳನ್ನೂ ಎಣಿಸಿದಂತೆ ಮನುಷ್ಯರ ತಲೆಗಳನ್ನು ಬರೆದುಕೊಂಡರು, ರೋಗಿಗಳನ್ನೂ ಬಿಡಲಿಲ್ಲ, ಸತ್ತವರ ಹೆಸರಿನಲ್ಲಿಯೂ ಹಣ ವಸೂಲಿ ಮಾಡಿದರು. ಅವನು ಕಟುವಾದ ಪಕ್ಷಪಾತಿ. ಆದರೂ ಎಣಿಸಲ್ಪಡುವುದು ಬೇರೆ, ಗೌರವಿಸಲ್ಪಡುವುದು ಬೇರೆ ಎಂಬುದನ್ನು ಅವನಷ್ಟು ಕಣ್ಣಿಗೆ ಕಟ್ಟುವಂತೆ ಹೇಳಿದವರು ವಿರಳ.

ಮಧ್ಯಯುಗದಲ್ಲಿ ‘ಕಾಪುಟ್’ ಮೇಲಿನ ವ್ಯಾಜ್ಯವು ಅಧಿಕಾರದ ವ್ಯಾಜ್ಯವಾಯಿತು. 1302ರಲ್ಲಿ ಎಂಟನೆಯ ಬೋನಿಫಾಸ್ ಪೋಪನು ಸಭೆಗೆ ಒಂದೇ ಶಿರಸ್ಸು, ಎರಡು ತಲೆಗಳುಳ್ಳದ್ದು ವಿಕಾರಜಂತು ಎಂದು ಸಾರಿದನು. 1534ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಎಂಟನೆಯ ಹೆನ್ರಿಯನ್ನು ಇಂಗ್ಲೆಂಡಿನ ಸಭೆಗೆ ಭೂಮಿಯ ಮೇಲಿನ ಪರಮ ಶಿರಸ್ಸೆಂದು ಅಂಗೀಕರಿಸಿತು; 1559ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಆ ಬಿರುದನ್ನು ಬಿಟ್ಟು ಪರಮ ಆಡಳಿತಗಾರಳು ಎಂಬುದನ್ನು ಆರಿಸಿಕೊಂಡರು. ಶಿರಸ್ಸೆಂಬ ಹೆಸರು ಕ್ರಿಸ್ತನೊಬ್ಬನಿಗೇ ಸಲ್ಲತಕ್ಕದ್ದೆಂಬ ಅಳುಕು ಈ ಬದಲಾವಣೆಯ ಹಿಂದೆ ಇತ್ತು.

ಇದೇ ಪದದ ಅಲ್ಪರೂಪವಾದ ‘ಕಾಪಿಟೂಲುಮ್’ ಅಷ್ಟು ಸದ್ದು ಮಾಡದೆ ಬೆಳೆಯಿತು. ಗ್ರಂಥದ ಅಧ್ಯಾಯಕ್ಕೆ ಅದು ಹೆಸರು. ಮಠಗಳಲ್ಲಿ ದಿನವೂ ನಿಯಮದ ಒಂದು ಅಧ್ಯಾಯವನ್ನು ಓದುತ್ತಿದ್ದುದರಿಂದ, ಅದನ್ನು ಕೇಳಲು ಕೂಡಿದ ಸಹೋದರರ ಮಂಡಲಿಗೂ ಅದೇ ಹೆಸರು ಬಂದಿತು. 1816ರಲ್ಲಿ ನೀಬೂರ್ ಎಂಬ ವಿದ್ವಾಂಸನು ವೆರೋನಾ ನಗರದ ಅಂಥ ಒಂದು ಮಂಡಲಿಯ ಗ್ರಂಥಾಲಯದಲ್ಲಿ ಜೆರೋಮನ ಪತ್ರಗಳ ಹಸ್ತಪ್ರತಿಯೊಂದನ್ನು ಕಂಡನು. ಚರ್ಮದ ಹಾಳೆಗಳಲ್ಲಿ ಕೆರೆದು ಅಳಿಸಿದ್ದ ಹಳೆಯ ಬರಹವಿತ್ತು. ಅದು ಗಾಯುಸನ ನ್ಯಾಯಪಾಠ. ತಲೆಯ ಕುಂದುವಿಕೆಯನ್ನು ಮೂರು ಮಟ್ಟಗಳಲ್ಲಿ ಅಳೆದ ಆ ಪಾಠವು, ಶತಮಾನಗಳ ಕಾಲ ಸಭೆಯ ಪಿತೃವೊಬ್ಬನ ಮಾತುಗಳ ಕೆಳಗೆ ಮಲಗಿತ್ತು.

ಉಪಸಂಹಾರ

ಈ ಚರಿತ್ರೆಯಿಂದ ಸಭಾಪಾಲಕರಿಗೂ ಆ ಸೇವೆಗೆ ಸಿದ್ಧರಾಗುತ್ತಿರುವವರಿಗೂ ಮೂರು ಮಾತುಗಳು ಹೊರಡುತ್ತವೆ.

ಮೊದಲನೆಯದು, ಶಿರಸ್ಸಿನ ಅಧಿಕಾರವನ್ನು ಕಲ್ವಾರಿಯಿಂದ ಬೇರ್ಪಡಿಸಿ ಬೋಧಿಸಬಾರದು. ಎಫೆಸ 5:23ರಲ್ಲಿ ಶಿರಸ್ಸೆಂಬ ಹೆಸರು ಬಂದ ಮೇಲೆ 25ನೆಯ ವಚನವು ಆ ಶಿರಸ್ಸು ಮಾಡಿದ್ದನ್ನು ಹೇಳುತ್ತದೆ: ತನ್ನನ್ನೇ ಒಪ್ಪಿಸಿಕೊಟ್ಟದ್ದು. ಮನೆಯಲ್ಲಾಗಲಿ ಸಭಾಸಮಿತಿಯಲ್ಲಾಗಲಿ ಮೊದಲ ವಚನವನ್ನು ಗಟ್ಟಿಯಾಗಿ ಓದಿ ಎರಡನೆಯದನ್ನು ನುಂಗಿಕೊಳ್ಳುವವನು, ಭಾರ ಹೊರುವುದನ್ನು ಬಿಟ್ಟು ಎತ್ತರವನ್ನು ಮಾತ್ರ ಉಳಿಸಿಕೊಂಡಿದ್ದಾನೆ.

ಎರಡನೆಯದು, ದೀಕ್ಷಾಸ್ನಾನದ ಬೆಲೆ. ರೋಮನ್ ಕಥೋಲಿಕ ಸಭೆಯ 1983ರ ನಿಯಮಸಂಹಿತೆಯ 96ನೆಯ ನಿಯಮವು ದೀಕ್ಷಾಸ್ನಾನದಿಂದ ಮನುಷ್ಯನು ಸಭೆಯಲ್ಲಿ ಹಕ್ಕುಬಾಧ್ಯತೆಗಳುಳ್ಳ ವ್ಯಕ್ತಿಯಾಗುತ್ತಾನೆಂದು ಹೇಳುತ್ತದೆ. ಇದು ಶುದ್ಧ ರೋಮನ್ ನ್ಯಾಯದ ಭಾಷೆ. ಆದರೆ ಇಲ್ಲಿ ಸ್ಥಾನವನ್ನು ಕೊಡುವುದು ಹುಟ್ಟೂ ಅಲ್ಲ, ಹಣವೂ ಅಲ್ಲ, ನೀರು ಮತ್ತು ವಾಕ್ಯ. ನಮ್ಮ ಪರಂಪರೆ ಯಾವುದೇ ಇರಲಿ, ದೀಕ್ಷಾಸ್ನಾನದ ದಾಖಲೆಪುಸ್ತಕದಲ್ಲಿ ಹೆಸರು ಬರೆಯುವಾಗ ನಾವು ಮಾಡುವುದು ಇದನ್ನೇ. ಹುಟ್ಟಿನ ಲೆಕ್ಕದಲ್ಲಿ ಕೆಲವರನ್ನು ತಲೆಯೆಂದೂ ಕೆಲವರನ್ನು ಪಾದವೆಂದೂ ಹೇಳುವ ದೇಶದಲ್ಲಿ ಬರೆದ ಅಂಥ ಹೆಸರು ಸಣ್ಣ ಸಂಗತಿಯಲ್ಲ. ಪಾದಗಳಿಗೆ ನೀವು ನನಗೆ ಬೇಡ ಎನ್ನಲು ತಲೆಗೆ ಸಾಧ್ಯವಿಲ್ಲವೆಂದು ಪೌಲನು ಬರೆದಿದ್ದಾನೆ (1 ಕೊರಿಂಥ 12:21). ಜಾತಿಯ ಕಾರಣದಿಂದ ಒಬ್ಬನನ್ನು ಹಿಂದಿನ ಬೆಂಚಿಗೆ ತಳ್ಳುವ ಸಭೆಯು ಅವನ ದೀಕ್ಷಾಸ್ನಾನದ ದಾಖಲೆಯನ್ನು ತನ್ನ ಕೈಯಾರೆ ಕೆರೆದು ಅಳಿಸುತ್ತಿದೆ.

ಮೂರನೆಯದು, ಎಣಿಕೆಯ ಕುರಿತು. ಸಭೆಗಳು ವರ್ಷಕ್ಕೊಮ್ಮೆ ಸದಸ್ಯರನ್ನು ಎಣಿಸುತ್ತವೆ, ಎಣಿಸಬೇಕಾದದ್ದೇ. ಆದರೆ ಆ ಎಣಿಕೆ ಗಲೇರಿಯಸನದೋ ಮನ್ನದ್ದೋ ಎಂದು ಕೇಳಿಕೊಳ್ಳಬೇಕು. ವಸೂಲಿಗಾಗಿ ಎಣಿಸಿದ ತಲೆಗೆ ಮುಖವಿಲ್ಲ; ಊಟ ಬಡಿಸುವುದಕ್ಕಾಗಿ ಎಣಿಸಿದ ತಲೆಗೆ ಹೆಸರೂ ಹಸಿವೂ ಉಂಟು.

ಸೌಲನು ದಮಸ್ಕದ ದಾರಿಯಲ್ಲಿ ಕೇಳಿದ ಸ್ವರದ ಕುರಿತು ಆಗಸ್ಟೀನನು ಹಲವು ಬಾರಿ ಪ್ರವಚನ ಮಾಡಿದನು. ಹಿಂಸೆಗೊಳಗಾದವರು ಭೂಮಿಯ ಮೇಲಿನ ಶಿಷ್ಯರು. ನನ್ನನ್ನು ಹಿಂಸೆಪಡಿಸುತ್ತೀ ಎಂದು ಕೂಗಿದವನು ಪರಲೋಕದಲ್ಲಿದ್ದ ಶಿರಸ್ಸು. ಜನಸಂದಣಿಯಲ್ಲಿ ಯಾರಾದರೂ ಕಾಲು ತುಳಿದರೆ ಬಾಯಿ ತಾನೇ ನನ್ನನ್ನು ತುಳಿದೆಯೆಂದು ಕೂಗುವುದಿಲ್ಲವೇ ಎಂಬುದು ಅವನ ದೃಷ್ಟಾಂತ. ಶಿರಸ್ಸು ಇರುವುದು ಎಲ್ಲಿ ಎಂದು ತಿಳಿಯಬೇಕಾದರೆ, ತುಳಿಸಿಕೊಂಡ ಪಾದದ ಪರವಾಗಿ ಯಾವ ಬಾಯಿ ಕೂಗುತ್ತದೆಂದು ಕಿವಿಗೊಟ್ಟು ಕೇಳಬೇಕು.